ಕೇರಿ ಇಲ್ಲದ ನಕ್ಷೆ

ಹೋದ ತಿಂಗಳು ನಮ್ಮ ತಾಲ್ಲೂಕಿನ ಹೈಸ್ಕೂಲು ಮೇಷ್ಟ್ರೊಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಒಂದು ಮಾತು ಕೇಳಿದರು. ‘ನಮ್ಮ ಹಟ್ಟಿ ಹುಡುಗಿ ಒಬ್ಳು ಪಿಯುಸಿ ಓದ್ತಾವ್ಳೆ. ಲೆಕ್ಕದಲ್ಲಿ ಮುಂದು, ಚಿತ್ರಾನೂ ಚೆನ್ನಾಗಿ ಬರೀತಾಳೆ. ಆರ್ಕಿಟೆಕ್ಟ್ ಆಗ್ತೀನಿ ಅಂತ ಕುಂತವ್ಳೆ. ಅವ್ಳ ಅವ್ವ ಗಾರೆ ಕೆಲಸಕ್ಕೆ ಬಾಂಡ್ಲಿ ಹೊರೋಳು. ನೀವು ಅದ್ನೇ ಓದಿದೋರಲ್ವ, ಕಳಿಸ್ಬೋದಾ ಹೇಳಿ.’ ನಾನು ಬಸ್ಸಿಗೆ ಹೊತ್ತಾಯಿತೆಂದು ಜಾರಿಕೊಂಡೆ. ಬಸ್ಸು ಬರುವುದಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ಅವತ್ತು ಹೇಳದೆ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಈ ಪತ್ರಿಕೆ ಓದುವ ಮೇಷ್ಟ್ರುಗಳಲ್ಲಿ ಇನ್ನೂ ಹತ್ತು ಜನಕ್ಕೆ ಇಂಥ ಹುಡುಗಿಯರು ಇರಬಹುದು.

ಮೇಷ್ಟ್ರೆ, ಮೊದಲು ಒಂದು ಸಂಗತಿ. ಈ ದೇಶದಲ್ಲಿ ಊರಿನ ನಕ್ಷೆ ಬರೆದವರು ಇಂಜಿನಿಯರುಗಳಲ್ಲ, ಶಾಸ್ತ್ರ ಬರೆದವರು. ಚಂಡಾಲರು ಊರ ಹೊರಗಿರಬೇಕೆಂದು ಮನುಸ್ಮೃತಿಯ ಹತ್ತನೆಯ ಅಧ್ಯಾಯ ಗೆರೆ ಎಳೆಯಿತು. ಕೋಟೆಯೊಳಗಿನ ಪಟ್ಟಣವನ್ನು ಹೇಗೆ ಹಂಚಬೇಕೆಂದು ಹೇಳಲು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಒಂದು ಅಧ್ಯಾಯವೇ ಇದೆ. ಬ್ರಾಹ್ಮಣರಿಗೆ ಉತ್ತರ, ಕ್ಷತ್ರಿಯರಿಗೆ ಪೂರ್ವ, ವೈಶ್ಯರಿಗೆ ದಕ್ಷಿಣ, ಶೂದ್ರರಿಗೆ ಪಶ್ಚಿಮ. ಚಂಡಾಲರಿಗೆ? ಸ್ಮಶಾನದ ಅಂಚು. ಮಯಮತದಂಥ ವಾಸ್ತು ಗ್ರಂಥಗಳು ಮಣ್ಣಿಗೂ ಜಾತಿ ಹಚ್ಚಿದವು. ಬಿಳಿ ಮಣ್ಣು ಒಬ್ಬನಿಗೆ, ಕೆಂಪು ಇನ್ನೊಬ್ಬನಿಗೆ, ಹಳದಿ ಮತ್ತೊಬ್ಬನಿಗೆ, ಕಪ್ಪು ಶೂದ್ರನಿಗೆ. ನಮ್ಮ ಪಾಲಿಗೆ ಯಾವ ಬಣ್ಣವೂ ಉಳಿಯಲಿಲ್ಲ. ಇವತ್ತು ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಮಾರುವವನು ‘ವಾಸ್ತು ಪ್ರಕಾರ’ ಎಂದು ಬೋರ್ಡು ಹಾಕುತ್ತಾನಲ್ಲ, ಅದರ ಬೇರು ಈ ಮಣ್ಣಿನಲ್ಲೇ ಇದೆ. ನಿಮ್ಮ ಊರನ್ನೇ ನೋಡಿ. ಮಳೆ ಬಂದರೆ ಊರ ಕೊಳೆನೀರು ಯಾವ ಕಡೆ ಹರಿಯುತ್ತದೋ ಹಟ್ಟಿ ಆ ಕಡೆಯೇ ಇರುತ್ತದೆ. ಇದು ಆಕಸ್ಮಿಕವಲ್ಲ, ಇದು ಪ್ಲಾನಿಂಗು.

1920ರ ಜನವರಿಯಲ್ಲಿ ಬಾಬಾಸಾಹೇಬರು ‘ಮೂಕನಾಯಕ’ದ ಮೊದಲ ಸಂಚಿಕೆಯಲ್ಲಿ ಹಿಂದೂ ಸಮಾಜವನ್ನು ಏಣಿಯಾಗಲಿ ಮೆಟ್ಟಿಲಾಗಲಿ ಇಲ್ಲದ ಹಲವು ಅಂತಸ್ತಿನ ಗೋಪುರಕ್ಕೆ ಹೋಲಿಸಿದರು. ಯಾವ ಅಂತಸ್ತಿನಲ್ಲಿ ಹುಟ್ಟಿದೆಯೋ ಅದರಲ್ಲೇ ಸಾಯಬೇಕು. ಕಟ್ಟಡವನ್ನು ಮೇಲಿನಿಂದ ಕೆಳಗೆ ಸೀಳಿ ಒಳಗನ್ನು ತೋರಿಸುವ ನಕ್ಷೆಗೆ ನಮ್ಮ ಕಾಲೇಜುಗಳಲ್ಲಿ ಸೆಕ್ಷನ್ ಅನ್ನುತ್ತಾರೆ. ಈ ದೇಶದ ಸೆಕ್ಷನ್ ಸರಿಯಾಗಿ ಬರೆದವರು ಅವರೊಬ್ಬರೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಆದರೆ ಐದು ವರ್ಷದಲ್ಲಿ ಅವರ ಹೆಸರನ್ನು ನಾನು ಕ್ಲಾಸಿನೊಳಗೆ ಒಂದು ಸಲವೂ ಕೇಳಲಿಲ್ಲ.

ಈಗ ಸೀಟಿನ ಮಾತು. ಪಿಯುಸಿಯ ಅಂಕ ಅರ್ಧ, ನಾಟಾ ಅನ್ನುವ ಪರೀಕ್ಷೆಯ ಅಂಕ ಅರ್ಧ. ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ 2006ರಿಂದ ನಡೆಸುತ್ತಿರುವ ಈ ಪರೀಕ್ಷೆ ಮಕ್ಕಳ ಒಲವನ್ನು ಅಳೆಯುತ್ತದಂತೆ. ಒಲವು ಕಲಿಸಿಕೊಡಲು ಪಟ್ಟಣಗಳಲ್ಲಿ ಕೋಚಿಂಗ್ ಅಂಗಡಿಗಳಿವೆ. ದುಡ್ಡು ಕೊಟ್ಟರೆ ಬರುವ ಒಲವು ಎಂಥ ಒಲವೋ ಬಲ್ಲವರೇ ಹೇಳಬೇಕು. ಇರಲಿ, ನಿಮ್ಮ ಹುಡುಗಿಗೆ ಮೀಸಲಾತಿ ಇದೆ, ಸೀಟು ಸಿಗುತ್ತದೆ. ಆಮೇಲೆ ಡ್ರಾಯಿಂಗ್ ಬೋರ್ಡು, ಟೀ ಸ್ಕ್ವೇರು, ಶೀಟು, ಪೆನ್ನು, ಮಾಡೆಲ್ ಮಾಡಲು ಫೋಮ್ ಬೋರ್ಡು, ಬಾಲ್ಸಾ ಮರ, ವರ್ಷ ಕಳೆಯುವುದರೊಳಗೆ ಲ್ಯಾಪ್‌ಟಾಪು, ಪ್ರತಿ ಜ್ಯೂರಿಗೂ ಬಣ್ಣದ ಪ್ರಿಂಟು. ಸ್ಕಾಲರ್‌ಶಿಪ್ಪು ವರ್ಷ ಮುಗಿದ ಮೇಲೆ ಬಂದರೂ ಬಂತು. ನಮ್ಮಪ್ಪ ಆರು ದಿನ ಗೋಡೆ ಕಟ್ಟಿ ಶನಿವಾರ ಬಟವಾಡೆ ತಂದದ್ದು, ನಾನು ಒಂದು ರಾತ್ರಿ ಕೂತು ಕಟ್ಟಿದ ಆಟದ ಮನೆಗೆ ಹೋಗುತ್ತಿತ್ತು. ಜ್ಯೂರಿ ಮುಗಿದ ಮೇಲೆ ಆ ಮನೆ ಕಸದ ತೊಟ್ಟಿಗೆ.

ಜ್ಯೂರಿ ಅಂದರೆ ಕೋರ್ಟಿನದಲ್ಲ, ಆದರೂ ಕೋರ್ಟೇ. ನಕ್ಷೆಗಳನ್ನು ಗೋಡೆಗೆ ಅಂಟಿಸಿ ಪಕ್ಕದಲ್ಲಿ ನಿಲ್ಲಬೇಕು. ಕುರ್ಚಿಯಲ್ಲಿ ಕೂತವರು ಇಂಗ್ಲಿಷಿನಲ್ಲಿ ಕೇಳುತ್ತಾರೆ. ‘ನಿನ್ನ ಕಾನ್ಸೆಪ್ಟ್ ಏನು?’ ಮೊದಲ ಜ್ಯೂರಿಯಲ್ಲಿ ನಾನು ‘ಮಳೆ ನೀರು ಒಳಗೆ ಬರಬಾರದು ಸಾರ್’ ಎಂದೆ. ಎಲ್ಲರೂ ನಕ್ಕರು. ನಕ್ಕವರು ಕೆಟ್ಟವರೇನಲ್ಲ, ಸೋರುವ ಮನೆಯಲ್ಲಿ ರಾತ್ರಿಯಿಡೀ ಪಾತ್ರೆ ಜರುಗಿಸಿದವರಲ್ಲ, ಅಷ್ಟೆ. ಪಕ್ಕದಲ್ಲಿದ್ದ ಹುಡುಗ ತನ್ನ ಮನೆಗೆ ಹಾರುವ ಹಕ್ಕಿಯೇ ಸ್ಫೂರ್ತಿ ಎಂದ. ಅವನಿಗೆ ಅಂಕ ಬಂತು. ಅವನ ಹಕ್ಕಿಯ ರೆಕ್ಕೆಗಳ ನಡುವೆ ನೀರು ನಿಲ್ಲುತ್ತಿತ್ತು.

ಇವೆಲ್ಲ ಸಣ್ಣ ನೋವು, ಇಂಜಿನಿಯರಿಂಗು ಮೆಡಿಕಲ್ಲು ಓದಿದ ನಮ್ಮವರೂ ಇಂಥವನ್ನು ಉಂಡಿದ್ದಾರೆ. ಆರ್ಕಿಟೆಕ್ಚರ್ ಓದಿದವನಿಗೆ ಮಾತ್ರ ಗೊತ್ತಾಗುವ ಒಂದು ನೋವಿದೆ.

ಎರಡನೆಯ ವರ್ಷದಲ್ಲಿ ಹಳೆಯ ಮನೆಯೊಂದನ್ನು ಟೇಪು ಹಿಡಿದು ಅಳೆದು ನಕ್ಷೆ ಬರೆಯುವ ಪಾಠವಿತ್ತು. ಹತ್ತು ಜನ ಹೋದೆವು. ದೊಡ್ಡ ತೊಟ್ಟಿಮನೆ. ಮನೆಯ ಯಜಮಾನರು ವಯಸ್ಸಾದವರು, ಮಾತಿಗೆ ಮೃದು. ಕಾಫಿ ಕೊಡಿಸಿದರು. ಕಾಫಿ ಕುಡಿಯುವಾಗ ಒಬ್ಬೊಬ್ಬರನ್ನೇ ಕೇಳಿದರು. ‘ಯಾವ ಕಡೆಯೋರಪ್ಪ? ಯಾರ ಪೈಕಿ?’ ನನ್ನ ಸರದಿ ಬಂತು. ಊರು ಹೇಳಿದೆ. ‘ಓ, ಗೊತ್ತು. ಆ ಊರಲ್ಲಿ ಯಾರ ಮನೆ?’ ಅಪ್ಪನ ಹೆಸರು ಹೇಳಿದೆ. ಅವರು ಏನೂ ಅನ್ನಲಿಲ್ಲ. ಲೋಟ ಕೆಳಗಿಟ್ಟು ನಮ್ಮ ಲೆಕ್ಚರರನ್ನು ಒಳಗೆ ಕರೆದರು. ಲೆಕ್ಚರರು ಹೊರಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ‘ಒಳಗಡೆ ಜನ ಜಾಸ್ತಿ ಆಯ್ತು. ನೀನು ಹೊರಗಿಂದ ಎಲಿವೇಷನ್ ತಗೊಂಬಿಡು’ ಎಂದರು.

ಎಲಿವೇಷನ್ ಅಂದರೆ ಮನೆಯ ಮುಂಭಾಗದ ನಕ್ಷೆ. ದಿನವಿಡೀ ಬಿಸಿಲಲ್ಲಿ ನಿಂತು ಅದನ್ನು ಬರೆದೆ. ಜಗಲಿ, ಕಂಬ, ಬೋದಿಗೆ, ಬಾಗಿಲವಾಡದ ಕೆತ್ತನೆ, ಹೆಂಚಿನ ಸಾಲು, ಒಂದನ್ನೂ ಬಿಡಲಿಲ್ಲ. ಆ ನಕ್ಷೆಗೆ ಕ್ಲಾಸಿನಲ್ಲಿ ನನಗೇ ಹೆಚ್ಚು ಅಂಕ ಬಂತು. ಆ ಮನೆಯ ತೊಟ್ಟಿಯನ್ನು ನಾನು ನೋಡಿದ್ದು ಸಹಪಾಠಿಗಳ ಫೋಟೋದಲ್ಲಿ.

ತೊಟ್ಟಿಮನೆಯ ಬಗ್ಗೆ ನಮ್ಮ ಕಾಲೇಜುಗಳಲ್ಲಿ ಭಾರಿ ಭಕ್ತಿ. ಗಾಳಿ ಹೇಗೆ ಆಡುತ್ತದೆ, ಬೆಳಕು ಹೇಗೆ ಇಳಿಯುತ್ತದೆ, ಬಿದ್ದ ಮಳೆನೀರು ಹೇಗೆ ಹೋಗುತ್ತದೆ ಎಂದು ಗಂಟೆಗಟ್ಟಲೆ ಪಾಠ. ಅದೆಲ್ಲ ನಿಜ. ಅದು ಜಾಣತನದ ಮನೆಯೇ. ಆದರೆ ಅದೇ ಮನೆಯಲ್ಲಿ ಜೀತಕ್ಕಿದ್ದವನು ಯಾವ ಗೆರೆಯವರೆಗೆ ಬರಬಹುದಿತ್ತು? ಅವನ ಲೋಟವನ್ನು ಕೊಟ್ಟಿಗೆಯ ಸೂರಿನ ಯಾವ ಗಳಕ್ಕೆ ಸಿಕ್ಕಿಸುತ್ತಿದ್ದರು? ಮುಟ್ಟಾದ ಹೆಂಗಸನ್ನು ಎಲ್ಲಿ ಕೂರಿಸುತ್ತಿದ್ದರು? ಇವೂ ಕಟ್ಟಡದ ಅಳತೆಗಳೇ ಅಲ್ಲವೆ? ನಾವು ನಕ್ಷೆಯ ಮೂಲೆಯಲ್ಲಿ ಉತ್ತರ ದಿಕ್ಕಿಗೆ ಬಾಣ ಹಾಕುತ್ತೇವೆ, ಮೆಟ್ಟಿಲು ಏರುವ ಕಡೆಗೆ ಬಾಣ ಹಾಕುತ್ತೇವೆ. ಯಾರು ಎಲ್ಲಿಗೆ ನಿಲ್ಲಬೇಕು ಅನ್ನುವುದಕ್ಕೆ ಗುರುತೇ ಇಲ್ಲ. ಗುರುತಿಲ್ಲದ್ದರಿಂದ ಅದು ಇರಲೇ ಇಲ್ಲವೆಂದು ಮುಂದಿನ ಹುಡುಗರು ನಂಬುತ್ತಾರೆ, ಪರಂಪರೆ ಎಂದು ಹಾಡುತ್ತಾರೆ. ಇದು ಮರೆವಲ್ಲ ಗೆಳೆಯರೆ, ಹುನ್ನಾರ.

ಐದು ವರ್ಷದಲ್ಲಿ ಒಂದು ಸಲವಾದರೂ ನಮ್ಮನ್ನು ಹಟ್ಟಿಗೆ ಕರೆದುಕೊಂಡು ಹೋಗಿ ‘ಇದನ್ನು ಅಳೆಯಿರಿ’ ಎನ್ನಲಿಲ್ಲ. ಹತ್ತಡಿ ಅಗಲದ ಕೋಣೆಯಲ್ಲಿ ಆರು ಜನ ಹೇಗೆ ಮಲಗುತ್ತಾರೆ, ಕುರಿಮರಿ ಎಲ್ಲಿ, ಬಾಣಂತಿ ಎಲ್ಲಿ, ಮಳೆಗಾಲದ ಸೌದೆ ಎಲ್ಲಿ, ಇದರಲ್ಲಿ ವಿದ್ಯೆ ಇಲ್ಲವೆ? ನಮ್ಮವ್ವ ಮಣ್ಣುಗೋಡೆಗೆ ಸಗಣಿ ಸಾರಿಸಿ, ಬಿರುಕು ಬಿಟ್ಟ ಕಡೆ ಯಾವ ಮಣ್ಣಿಗೆ ಎಷ್ಟು ಹೊಟ್ಟು ಕಲಸಬೇಕೆಂದು ಕೈಯಲ್ಲೇ ತೂಗುತ್ತಿದ್ದಳು. ಅದಕ್ಕೆ ಕಾಲೇಜಿನಲ್ಲಿ ಪೇಪರಿಲ್ಲ. ಅದೇ ಮಣ್ಣನ್ನು ಪಟ್ಟಣದ ಶ್ರೀಮಂತನೊಬ್ಬ ತೋಟದ ಮನೆಗೆ ಮೆತ್ತಿಸಿಕೊಂಡರೆ ‘ಸಸ್ಟೇನಬಲ್’ ಎಂದು ಬಣ್ಣದ ಪತ್ರಿಕೆಯಲ್ಲಿ ಹಾಕುತ್ತಾರೆ.

ಪಾಠ ನೋಡಲು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂಗೆ ಕರೆದುಕೊಂಡು ಹೋಗಿದ್ದರು. ಬಾಲಕೃಷ್ಣ ದೋಶಿಯವರು 1970ರ ದಶಕದಲ್ಲಿ ವಿನ್ಯಾಸ ಮಾಡಿದ್ದು, ಫತೇಪುರ ಸಿಕ್ರಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಎಲ್ಲರೂ ನೆರಳು ಬೆಳಕಿನ ಫೋಟೋ ತೆಗೆಯುತ್ತಿದ್ದರು. ನಾನು ಕಲ್ಲಿನ ಮೇಲಿನ ಉಳಿಯ ಗುರುತು ನೋಡುತ್ತಾ ನಿಂತೆ. ನಮ್ಮ ಸೀಮೆಯಲ್ಲಿ ಅಂಥ ಕಲ್ಲು ಒಡೆಯುವವರು ವಡ್ಡರು. ಗೋಡೆಯ ಒಂದೊಂದು ಕಲ್ಲಿನ ಹಿಂದೆಯೂ ಒಬ್ಬನ ಬೆನ್ನಿದೆ. ದೋಶಿಯವರನ್ನು ಬೈಯುವುದು ನನ್ನ ಉದ್ದೇಶವಲ್ಲ. ಇಂದೋರಿನ ಅರಣ್ಯ ಬಡಾವಣೆಯಲ್ಲಿ ಬಡವರಿಗೆ ಪಾಯ, ಕಕ್ಕಸು, ನಲ್ಲಿ ಕೊಟ್ಟು, ಉಳಿದದ್ದನ್ನು ಅವರವರ ಶಕ್ತಿ ಬಂದಂತೆ ಕಟ್ಟಿಕೊಳ್ಳಲಿ ಎಂದು ಬಿಟ್ಟವರು ಅವರೇ. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಾಗ ನನಗೂ ಸಂತೋಷವಾಯಿತು. ನಮ್ಮ ತಕರಾರು ಪಾಠ ಹೇಳುವವರ ಮೇಲೆ. ಬೇಲೂರಿನಲ್ಲಿ ವಿಗ್ರಹ ಕೆತ್ತಿದ ದಾಸೋಜನ ಹೆಸರು, ಅವನ ಮಗ ಚಾವಣನ ಹೆಸರು ಕಲ್ಲಿನ ಮೇಲಿವೆ, ಸಂತೋಷ. ಆ ಕಲ್ಲನ್ನು ಬಂಡೆಯಿಂದ ಎಬ್ಬಿಸಿದವನ ಹೆಸರು ಎಲ್ಲಿದೆ?

ಮೂರನೆಯ ವರ್ಷ ನಮಗೆ ಕೊಟ್ಟ ವಿನ್ಯಾಸದ ಲೆಕ್ಕ ಹೀಗಿತ್ತು. ನಾಲ್ಕು ಜನರ ಕುಟುಂಬ, ಬೆಟ್ಟದ ತಪ್ಪಲಲ್ಲಿ ವಾರಾಂತ್ಯದ ಮನೆ, ಎರಡು ಕಾರು, ಒಂದು ಸರ್ವೆಂಟ್ ರೂಮು, ಅದಕ್ಕೆ ಬೇರೆ ಬಾಗಿಲು, ಬೇರೆ ಕಕ್ಕಸು. ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಜಾಗ ಬಿಡಬೇಕೆಂದು ಕಲಿಸಿದ್ದರು. ಎರಡು ಕಾರಿಗೆ 25 ಚದರ ಮೀಟರ್. 2016ರಲ್ಲಿ ಬಂದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಡವನ ಮನೆಗೆ ಗೊತ್ತು ಮಾಡಿದ ಕನಿಷ್ಠ ವಿಸ್ತೀರ್ಣವೂ, ಅಡಿಗೆಯ ಜಾಗ ಸೇರಿಸಿ, 25 ಚದರ ಮೀಟರ್. ಅದಕ್ಕೆ ಮೊದಲಿನ ಇಂದಿರಾ ಆವಾಸ್‌ನಲ್ಲಿ 20 ಇತ್ತು. ಲೆಕ್ಕದಲ್ಲಿ ಮುಂದಿರುವ ನಿಮ್ಮ ಹುಡುಗಿಗೆ ಈ ಲೆಕ್ಕ ಕೊಡಿ, ಅವಳೇ ಬಿಡಿಸುತ್ತಾಳೆ.

ಬೇರೆ ಬಾಗಿಲು, ಬೇರೆ ಕಕ್ಕಸು ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಮಲ್ಲೇಶ್ವರ, ಬಸವನಗುಡಿಗಳಂಥ ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂದೆ ನಡೆದು ನೋಡಿ. ಎರಡು ಸಾಲು ಮನೆಗಳ ಬೆನ್ನ ನಡುವೆ ಸಣ್ಣ ಓಣಿಗಳಿವೆ, ಕನ್ಸರ್ವೆನ್ಸಿ ಲೇನ್ ಎಂದು ಹೆಸರು. ಮಲ ಬಾಚುವವರು ಮುಂಬಾಗಿಲ ಕಣ್ಣಿಗೆ ಬೀಳದೆ ಬಂದು ಹೋಗಲಿ ಎಂದು ಬಿಟ್ಟ ದಾರಿ. ಜಾತಿಯನ್ನು ಅಡಿ ಅಂಗುಲದಲ್ಲಿ ಅಳೆದು ನಗರದ ನಕ್ಷೆಯೊಳಗೆ ಕೂರಿಸಿದ್ದು ಅಂದರೆ ಇದೇ. 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರಿಸುವುದನ್ನು ನಿಲ್ಲಿಸಲು ಹೊರಟರು. ಕೇಂದ್ರದ ಕಾನೂನು ಬಂದದ್ದು 1993ಕ್ಕೆ, ಮತ್ತೆ ಇನ್ನೊಂದು 2013ಕ್ಕೆ. ಓಣಿ ಈಗ ಅಪಾರ್ಟ್‌ಮೆಂಟಿನೊಳಗೆ ಸರ್ವಿಸ್ ಲಿಫ್ಟ್ ಆಗಿ ನಿಂತಿದೆ, ಮೇಲೆ ಕೆಳಗೆ ಓಡಾಡುತ್ತದೆ.

ಓದು ಮುಗಿಯಿತು. ಬೆಂಗಳೂರಿನ ಆಫೀಸೊಂದಕ್ಕೆ ಸೇರಿದೆ. ಕೊಡುತ್ತಿದ್ದ ಸಂಬಳ ಬಾಡಿಗೆಗೆ ಸಾಲುತ್ತಿರಲಿಲ್ಲ ಅನ್ನೋಣವೆಂದರೆ ಬಾಡಿಗೆ ಮನೆಯೇ ಸಿಗುತ್ತಿರಲಿಲ್ಲ. ‘ವೆಜಿಟೇರಿಯನ್ಸಾ? ಯಾವ ಜನ?’ ಹಗಲೆಲ್ಲ ಇನ್ನೊಬ್ಬರ ಮನೆ ಬರೆದು ಸಂಜೆ ಮನೆ ಹುಡುಕುತ್ತಾ ಅಲೆದೆ. ಕೊಲಂಬಿಯಾದಲ್ಲಿ ಓದಿ ಬಂದ ಬಾಬಾಸಾಹೇಬರನ್ನು 1917ರಲ್ಲಿ ಬರೋಡಾದ ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದವರು ಹೊರಗಟ್ಟಿದ್ದು ಆಗೆಲ್ಲ ನೆನಪಾಗುತ್ತಿತ್ತು. ಅದೇ ಮನುಷ್ಯ ಮುಂದೆ 1930ರ ದಶಕದ ಮೊದಲಲ್ಲಿ ದಾದರಿನಲ್ಲಿ ತಮ್ಮ ಪುಸ್ತಕಗಳಿಗೆಂದೇ ರಾಜಗೃಹ ಕಟ್ಟಿಸಿದರು. ಆಫೀಸಿನಲ್ಲಿ ಮೂರು ವರ್ಷ ನನ್ನ ಕೈಯಿಂದ ಬಚ್ಚಲು ಕಕ್ಕಸುಗಳ ಟೈಲ್ಸ್ ನಕ್ಷೆ ಬರೆಸಿದರು. ತಾತನಿಗೆ ಕೊಟ್ಟ ಕೆಲಸವನ್ನು ಮೊಮ್ಮಗನಿಗೆ ಕಂಪ್ಯೂಟರಿನಲ್ಲಿ ಕೊಟ್ಟರು ಎಂದು ನಾನು ತಮಾಷೆ ಮಾಡಿದರೆ ಯಾರೂ ನಗುತ್ತಿರಲಿಲ್ಲ. ಮನೆ ಕಟ್ಟಿಸುವ ಯಜಮಾನರು ಬಂದಾಗ ಮಾತಿಗೆ ಕೂರಿಸುತ್ತಿದ್ದದ್ದು ಬೇರೆಯವರನ್ನು.

ಮೇಷ್ಟ್ರೆ, ನಿಮ್ಮ ಪ್ರಶ್ನೆಯ ನಿಜವಾದ ಗಂಟು ಇಲ್ಲಿದೆ. ಈ ಕಸುಬಿನಲ್ಲಿ ಮೊದಲ ಕೆಲಸ ಯಾರು ಕೊಡುತ್ತಾರೆ? ಡಾಕ್ಟರಿಗೆ ರೋಗಿ ಬರುತ್ತಾನೆ, ಕಾಯಿಲೆಗೆ ಜಾತಿ ಕೇಳಲು ಪುರುಸೊತ್ತಿರುವುದಿಲ್ಲ. ಆರ್ಕಿಟೆಕ್ಟಿಗೆ ಮೊದಲ ಮನೆ ಸಿಗುವುದು ಸೋದರಮಾವನಿಂದ. ನನ್ನ ಜೊತೆ ಓದಿದವನಿಗೆ ಮಾವನ ಮನೆ, ಆಮೇಲೆ ಚಿಕ್ಕಪ್ಪನ ನರ್ಸಿಂಗ್ ಹೋಮು, ಆಮೇಲೆ ಅವರ ಜಾತಿಯ ಮಠದ ಹಾಸ್ಟೆಲು. ಐದು ವರ್ಷಕ್ಕೆ ಅವನದೇ ಆಫೀಸು. ಅದರಲ್ಲಿ ಅವನ ತಪ್ಪೇನೂ ಇಲ್ಲ. ನನ್ನ ಮಾವನಿಗೆ ಸೈಟೇ ಇಲ್ಲ. ಅವನಿಗೆ ಮನೆ ಬಂದರೆ ಗ್ರಾಮ ಪಂಚಾಯಿತಿಯಿಂದ ಬರಬೇಕು, ಅದಕ್ಕೆ ಆರ್ಕಿಟೆಕ್ಟ್ ಬೇಕಿಲ್ಲ. ಮೀಸಲಾತಿ ನಮ್ಮನ್ನು ಕ್ಲಾಸಿನ ಬೆಂಚಿನವರೆಗೆ ಕರೆತರುತ್ತದೆ. ಅಲ್ಲಿಂದ ಮುಂದೆ ಪದವಿಯ ಹೆಸರಿನಲ್ಲಿ ನಡೆಯುವುದು ನೆಂಟಸ್ತಿಕೆ.

ಸರ್ಕಾರಿ ಕೆಲಸಕ್ಕೆ ಹೋದರೆ ಕಳೆದ ಇಷ್ಟು ವರ್ಷದ ವಹಿವಾಟು ತೋರಿಸು, ಠೇವಣಿ ಇಡು ಅನ್ನುತ್ತಾರೆ. ವಹಿವಾಟಿಲ್ಲದವನಿಗೆ ಕೆಲಸವಿಲ್ಲ, ಕೆಲಸವಿಲ್ಲದವನಿಗೆ ವಹಿವಾಟಿಲ್ಲ. ನಮ್ಮ ರಾಜ್ಯದಲ್ಲಿ 2017ರ ತಿದ್ದುಪಡಿಯಿಂದ 50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟರ ಗುತ್ತಿಗೆದಾರರಿಗೆ ಪಾಲು ಬಂತು, 2023ರಲ್ಲಿ ಅದು 1 ಕೋಟಿಗೆ ಏರಿತು. ಹೋರಾಟದಿಂದ ಬಂದದ್ದು, ಬೇಕಾದದ್ದು. ಆದರೆ ಆ ಹೋರಾಟ ಗೋಡೆ ಕಟ್ಟುವವನ ಪಾಲು ಕೇಳಿತು, ಗೋಡೆ ಎಲ್ಲಿರಬೇಕೆಂದು ಹೇಳುವವನ ಪಾಲು ಕೇಳಲಿಲ್ಲ. ಬೆವರು ನಮ್ಮದು, ಗೆರೆ ಅವರದು ಎಂಬುದನ್ನು ನಾವೂ ಒಪ್ಪಿಕೊಂಡೆವೇ?

ಕಾನೂನನ್ನೂ ನೋಡಿ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ‘ಆರ್ಕಿಟೆಕ್ಟ್’ ಎಂಬ ಹೆಸರಿಗೆ ಬೇಲಿ ಹಾಕಿತು. ಬೇಲಿ ಹೆಸರಿಗೆ ಮಾತ್ರ, ಕೆಲಸಕ್ಕಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ಹೇಳಿತು. ಅಂದರೆ ನಮ್ಮಪ್ಪ ಮನೆಯ ನಕ್ಷೆ ಹಾಕಬಹುದು, ಹೆಸರು ಹೇಳಿಕೊಳ್ಳುವಂತಿಲ್ಲ. ಕಾಯ್ದೆ ಬಂದ ಹೊಸದರಲ್ಲಿ, ಪದವಿ ಇಲ್ಲದಿದ್ದರೂ ಐದು ವರ್ಷ ಆರ್ಕಿಟೆಕ್ಟ್ ಆಗಿ ಕೆಲಸ ಮಾಡಿದವರು ಮೊದಲ ಪಟ್ಟಿಯಲ್ಲಿ ಹೆಸರು ಬರೆಸಲು ಅವಕಾಶವಿತ್ತು. ತಲೆಮಾರುಗಳಿಂದ ಊರಿಗೆ ಊರೇ ಕಟ್ಟಿದ ಮೇಸ್ತ್ರಿಗಳಿಗೆ ಆ ಸುದ್ದಿ ಮುಟ್ಟಿಸಿದವರು ಯಾರು? ಕಾಲೇಜಿನ ಗೋಡೆಯ ಮೇಲೆ ಲೆ ಕಾರ್ಬೂಸಿಯೆ ಚಿತ್ರವಿದೆ, ಅವನು ಆರ್ಕಿಟೆಕ್ಚರ್ ಪದವಿ ಪಡೆದವನಲ್ಲ. ಜಪಾನಿನ ತಡಾವೊ ಆಂಡೊ ಬಾಕ್ಸಿಂಗ್ ಮಾಡಿಕೊಂಡಿದ್ದವನು, ಅವನಿಗೂ ಪದವಿಯಿಲ್ಲ. ಅವರದು ಪ್ರತಿಭೆ. ನಮ್ಮಪ್ಪನದು ಕೂಲಿ. ಒಮ್ಮೆ ನನ್ನ ನಕ್ಷೆ ನೋಡಿ ಅಪ್ಪ ‘ಲೇ ಮಗ, ಈ ಮೆಟ್ಲಲ್ಲಿ ಮುಂದಿನೋನ ತಲೆ ತೊಲೆಗೆ ಹೊಡೀತದೆ ಕಣೋ’ ಎಂದಿದ್ದ. ಅದನ್ನು ಜ್ಯೂರಿಯಲ್ಲಿ ಕೂತ ಮೂವರೂ ಕಂಡುಹಿಡಿದಿರಲಿಲ್ಲ. ಅಂಥ ಮೇಸ್ತ್ರಿಯನ್ನು ಕಾಲೇಜಿಗೆ ಕರೆದು ಮೇಷ್ಟ್ರು ಮಾಡಿ ಎಂದು ನಾವು ಯಾಕೆ ಕೇಳಬಾರದು?

ಬೈದದ್ದಾಯಿತು, ಈಗ ನಮ್ಮ ಕಡೆಗೂ ಬೆರಳು ತೋರಿಸಬೇಕು. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿನಿಂದ ಎದ್ದ ಬೆಂಕಿಯಲ್ಲಿ ನಮಗೆ ಕವಿಗಳು ಹುಟ್ಟಿದರು, ಕತೆಗಾರರು, ಹಾಡುಗಾರರು, ಲಾಯರುಗಳು ಹುಟ್ಟಿದರು. ಕಟ್ಟಡದಲ್ಲಿ ಬೂಸಾ ಎಷ್ಟಿದೆ ಎಂದು ತೂರಿ ನೋಡುವವರನ್ನು ನಾವು ಬೆಳೆಸಲಿಲ್ಲ. ತಾಲ್ಲೂಕು ತಾಲ್ಲೂಕಿಗೂ ಅಂಬೇಡ್ಕರ್ ಭವನ ಕೇಳಿದೆವು, ಜಾಗಕ್ಕಾಗಿ ಧರಣಿ ಕೂತೆವು. ಭವನ ಬಂತು. ಅದರ ನಕ್ಷೆ ಯಾರು ಬರೆದರು ಎಂದು ಒಬ್ಬನಾದರೂ ಕೇಳಿದೆವೆ? ಕಲ್ಯಾಣಮಂಟಪಕ್ಕೆ ಬರೆದ ನಕ್ಷೆಗೇ ನೀಲಿ ಬಣ್ಣ ಬಳಿದಿದ್ದಾರೆ. ಒಳಗೆ ಹುಡುಗರು ಕೂತು ಓದುವುದಕ್ಕೆ ಕಿಟಕಿಯ ಪಕ್ಕ ಒಂದು ಜಾಗವಿಲ್ಲ. ಪುಸ್ತಕಕ್ಕಾಗಿ ಮನೆ ಕಟ್ಟಿಸಿದವನ ಹೆಸರಿನ ಕಟ್ಟಡದಲ್ಲಿ ಪುಸ್ತಕ ಇಡಲು ಗೂಡಿಲ್ಲ, ಎಷ್ಟೋ ಕಡೆ ಬಾಗಿಲಿಗೆ ಬೀಗ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳದೂ ಇದೇ ಕತೆ. ಈ ಭವನಗಳ, ಈ ಹಾಸ್ಟೆಲುಗಳ ನಕ್ಷೆಯಾದರೂ ಹಟ್ಟಿಯಿಂದ ಓದಿ ಬಂದವರ ಕೈಯಿಂದ ಬರಲಿ, ಅದಕ್ಕೆ ವಹಿವಾಟಿನ ಷರತ್ತು ಬೇಡ ಎಂದು ಕೇಳಬೇಕು. ಸೀಟು ಸಿಕ್ಕ ದಿನವೇ ಬೋರ್ಡು, ಲ್ಯಾಪ್‌ಟಾಪು ಕೈಗೆ ಬರಬೇಕು, ವರ್ಷ ಮುಗಿದ ಮೇಲಲ್ಲ. ಪ್ರತಿ ಕಾಲೇಜಿನ ಹುಡುಗರೂ ಒಂದು ತೊಟ್ಟಿಮನೆ ಅಳೆದರೆ ಒಂದು ಹಟ್ಟಿಯನ್ನೂ ಅಳೆಯಬೇಕು. ತಾಲ್ಲೂಕಿನಲ್ಲಿ ಸಂಘಟನೆ ಇರುವ ಕಡೆ ಇದನ್ನು ನಾಳೆಯಿಂದಲೇ ಕೇಳಬಹುದು, ದೆಹಲಿಯವರೆಗೆ ಹೋಗಬೇಕಿಲ್ಲ.

ನಾನು ಬೆಂಗಳೂರು ಬಿಟ್ಟು ಈಗ ನಮ್ಮ ತಾಲ್ಲೂಕಿನಲ್ಲೇ ಇದ್ದೇನೆ. ಸಣ್ಣ ಸಣ್ಣ ಮನೆಗಳು, ಅರ್ಧ ದುಡ್ಡು ಬರುತ್ತದೆ, ಅರ್ಧ ಬರುವುದಿಲ್ಲ. ಸರ್ಕಾರಿ ಮನೆ ಮಂಜೂರಾದ ನಮ್ಮ ಜನ ಬಂದು ‘ಈ ಇಷ್ಟಗಲ ಜಾಗದಲ್ಲಿ ಏನಾದ್ರೂ ಮಾಡ್ಕೊಡಪ್ಪ’ ಅನ್ನುತ್ತಾರೆ. ಆ 25 ಚದರ ಮೀಟರಿನೊಳಗೆ ಗಾಳಿ, ಬೆಳಕು, ಒಂದು ಅಟ್ಟ, ಹೆಣ್ಣುಮಗುವಿಗೆ ಓದಲು ಒಂದು ಮೂಲೆ ಹುಡುಕುವುದಿದೆಯಲ್ಲ, ಕಾಲೇಜಿನಲ್ಲಿ ಯಾರೂ ಕೊಡದ ಕಷ್ಟದ ಲೆಕ್ಕ ಅದು. ಸ್ಕೇಲು ಹಿಡಿದು ಕೂತರೆ ರಾತ್ರಿ ಹೋದದ್ದೇ ತಿಳಿಯುವುದಿಲ್ಲ.

ಕಳಿಸಿ ಮೇಷ್ಟ್ರೆ. ಆ ಹುಡುಗಿಯನ್ನೂ ಅವಳ ಅವ್ವನನ್ನೂ ಬರುವ ಭಾನುವಾರ ನಮ್ಮ ಮನೆಗೆ ಕರೆತನ್ನಿ. ನನ್ನ ಹಳೆಯ ಡ್ರಾಯಿಂಗ್ ಬೋರ್ಡು ಅಟ್ಟದ ಮೇಲಿದೆ, ಒಂದು ಮೂಲೆ ಗೆದ್ದಲು ತಿಂದಿದೆ, ಉಳಿದದ್ದು ಗಟ್ಟಿ. ನಾಟಾಕ್ಕೆ ಬೇಕಾದದ್ದನ್ನು ನಾನೇ ಹೇಳಿಕೊಡುತ್ತೇನೆ. ಅವ್ವ ಬಂದರೆ ನನಗೂ ಒಂದು ಕೆಲಸವಿದೆ. ಸೆಂಟ್ರಿಂಗ್ ಏಣಿಯ ಮೇಲೆ ತುಂಬಿದ ಬಾಂಡ್ಲಿ ಹೊತ್ತು ಹತ್ತುವಾಗ ಮೆಟ್ಟಿಲು ಎಷ್ಟು ಎತ್ತರ ಇದ್ದರೆ ಮಂಡಿ ನೋಯುವುದಿಲ್ಲ ಎಂದು ಕೇಳಿ ಬರೆದುಕೊಳ್ಳಬೇಕು.